ಬಾದಾಮಿಯ ಬಾಲದ ‘ಇ’

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಹೈಸ್ಕೂಲು ಹುಡುಗಿಯರಿಬ್ಬರು ಶಾಲೆಯಂಗಳದ ಬಾದಾಮಿ ಹಣ್ಣು ಕಚ್ಚುತ್ತಿದ್ದರು. ಮುಂದಿನ ಸೀಟಿನ ಹಿರಿಯರೊಬ್ಬರು ತಿರುಗಿ, “ಅದು ಡೂಪ್ಲಿಕೇಟ್ ಬಾದಾಮಿ ಕಣ್ರಮ್ಮ, ಒರಿಜಿನಲ್ಲು ಅಂಗಡೀಲಿ ಸಿಗೋದು” ಎಂದರು. ಹುಡುಗಿಯರು ನಾಚಿ ಹಣ್ಣನ್ನು ಚೀಲದೊಳಗೆ ತುರುಕಿದರು. ಆ ‘ಡೂಪ್ಲಿಕೇಟ್’ ನನ್ನನ್ನು ಇನ್ನೂ ಬಿಟ್ಟಿಲ್ಲ. ನೋಟಿಗೆ, ಬೀಗದ ಕೈಗೆ ಸಲ್ಲುವ ಮಾತನ್ನು ಮರಕ್ಕೆ ಅಂಟಿಸುವುದು ಈಚಿನ ಚಾಳಿ.

ಬಾದಾಮಿ ಎಂಬ ಪದ ಪಾರಸಿಯ ಬಾದಾಮ್‌ನಿಂದ ಬಂತೆಂಬುದು ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ನನ್ನ ತಕರಾರು ಅದರ ಬಾಲದ ಬಗ್ಗೆ. ಸಲಾಮ್ ಕನ್ನಡಕ್ಕೆ ಬಂದು ಸಲಾಮು ಆಯಿತು, ಇನಾಮ್ ಇನಾಮು ಆಯಿತು. ಹಾಗಾದರೆ ಬಾದಾಮ್ ‘ಬಾದಾಮು’ ಆಗಬೇಕಿತ್ತಲ್ಲ? ನಾವು ‘ಬಾದಾಮಿ’ ಅಂದೆವು. ಪಾರಸಿಯಲ್ಲಿ ಆ ‘ಇ’ ಸೇರಿದರೆ ಬಾದಾಮಿಯಂಥದ್ದು, ಆ ಬಣ್ಣದ್ದು, ಆ ಆಕಾರದ್ದು ಎಂದರ್ಥ. ಗುಲಾಬಿಯದ್ದೂ ಇದೇ ಕಥೆ: ಹಿಂದಿಯವರಿಗೆ ಹೂವು ಗುಲಾಬ್, ಬಣ್ಣ ಗುಲಾಬಿ, ನಮಗೆ ಹೂವೇ ಗುಲಾಬಿ. ಆದ್ದರಿಂದ ನಾನು ಹೇಳುವುದಿಷ್ಟು: ಕನ್ನಡಿಗರ ನಾಲಿಗೆಗೆ ಬೀಜಕ್ಕಿಂತ ಮೊದಲು ಬಂದದ್ದು ‘ಬಾದಾಮಿಯಂಥದ್ದು’ ಎಂಬ ಬಣ್ಣನೆ. ಬಟ್ಟೆಯಂಗಡಿಯಲ್ಲಿ ಬಾದಾಮಿ ಬಣ್ಣ ಉಂಟು. ಹಾನಗಲ್ಲಿನ ಕಡೆಯವರು ಆಪೂಸ್ ಅನ್ನುವ ಮಾವನ್ನು ಬೆಂಗಳೂರಿನವರು ಬಾದಾಮಿ ಅನ್ನುತ್ತಾರೆ. ಮರಾಠಿಯವರು ಇಸ್ಪೀಟಿನ ಆಟೀನನ್ನೇ ಬದಾಮ್ ಎಂದು ಕರೆಯುತ್ತಾರೆ. (ಚಾಲುಕ್ಯರ ಬಾದಾಮಿ ವಾತಾಪಿಯ ದಾರಿಯಿಂದ ಬಂದ ಹೆಸರು, ಅದನ್ನು ಇಲ್ಲಿಗೆ ಎಳೆಯುವುದಿಲ್ಲ.)

ಬೀಜ ನಮ್ಮ ನಾಲಿಗೆಗೆ ತಡವಾಗಿ ಬಂತೆಂಬುದಕ್ಕೆ ಇನ್ನೊಂದು ಸಾಕ್ಷಿ ಗಾದೆಯದು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ನಾನು ಬಲ್ಲ ಯಾವ ಗಾದೆಯಲ್ಲೂ ಬಾದಾಮಿ ಬೀಜ ಇಲ್ಲ. ಬಡವನ ಕೈಗೂ ಸಿಕ್ಕಬಹುದಾದ, ಆದರೂ ಸಿಗದೇಹೋದ ಕಾಳೇ ಅಲ್ಲಿರುವುದು. ಈಗೀಗ ಮದುವೆಮನೆಗಳಲ್ಲಿ ಕಡಲೆಯನ್ನು ತೆಗೆದು ಬಾದಾಮಿ ಹಾಕಿ ಹೇಳುವವರಿದ್ದಾರೆ. ಗಾದೆ ಅಲ್ಲೇ ಸತ್ತಿತು. ಹುರಿದ ಕಡಲೆಗೆ ದವಡೆ ಗಟ್ಟಿ ಬೇಕು, ‘ಕಟುಂ’ ಎನ್ನಬೇಕು. ಬಾದಾಮಿಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಸಿಪ್ಪೆ ಜಾರಿಸುತ್ತಾರೆ, ಅರೆದು ಹಾಲಿಗೆ ಬೆರೆಸುತ್ತಾರೆ. ಬೊಚ್ಚುಬಾಯಿಯ ಅಜ್ಜಿಗೂ ಅದು ಸಲೀಸು. ಹಲ್ಲಿಲ್ಲದ ದುಃಖವೇ ಇಲ್ಲದ ಮೇಲೆ ಗಾದೆಯಲ್ಲಿ ಉಳಿಯುವುದೇನು? ಅನುಭವ ಕಡೆದು ಇಟ್ಟ ಮಾತಿನಲ್ಲಿ ಒಂದು ಕಾಳನ್ನೂ ಕದಲಿಸಬಾರದು.

ಇನ್ನು ಆ ಹಿರಿಯರ ‘ಒರಿಜಿನಲ್’. ಅಂಗಡಿಯ ಬಾದಾಮಿ ಪೀಚ್ ಹಣ್ಣಿನ ಹತ್ತಿರದ ನೆಂಟ. ಪೀಚಿನಲ್ಲಿ ತಿರುಳು ತಿಂದು ಓಟೆ ಎಸೆಯುತ್ತೇವೆ, ಇಲ್ಲಿ ಸಿಪ್ಪೆ ಎಸೆದು ಓಟೆಯೊಳಗಿನದನ್ನು ತಿನ್ನುತ್ತೇವೆ. ಆ ಮರಕ್ಕೆ ಚಳಿಗಾಲದ ನಿದ್ದೆ ಬೇಕು: 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಕ್ಕರೇ ಮೊಗ್ಗು ಏಳುವುದು. ಎಲೆಗಿಂತ ಮುಂಚೆ ಹೂವು. ಹೆಚ್ಚಿನ ತಳಿಗಳು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಪಕ್ಕದ ಸಾಲಿನಲ್ಲಿ ಬೇರೆ ತಳಿ ಇರಬೇಕು, ನಡುವೆ ಜೇನು ಓಡಾಡಬೇಕು. ಪ್ರಪಂಚದ ಬಾದಾಮಿಯಲ್ಲಿ ಸುಮಾರು ಶೇ. 80ರಷ್ಟು ಬೆಳೆಯುವ ಕ್ಯಾಲಿಫೋರ್ನಿಯಾಕ್ಕೆ ಫೆಬ್ರವರಿಯಲ್ಲಿ ಜೇನುಪೆಟ್ಟಿಗೆಗಳು ಲಾರಿಗಟ್ಟಲೆ ಬರುತ್ತವೆ. ಹೂವಿನ ಹೊತ್ತಿಗೆ ಹಿಮ ಬಿದ್ದರೆ ಬೆಳೆ ಹೋಯಿತು. ಬಲಿತ ಮೇಲೆ ಹೊರಸಿಪ್ಪೆ ತಾನೇ ಬಿರಿಯುತ್ತದೆ, ಯಂತ್ರ ಮರವನ್ನು ಹಿಡಿದು ಅಲ್ಲಾಡಿಸುತ್ತದೆ, ಉದುರಿದ್ದು ನೆಲದ ಮೇಲೇ ಒಣಗುತ್ತದೆ. ನಮ್ಮ ದೇಶದಲ್ಲಿ ಇದು ಕಾಶ್ಮೀರದ, ಹಿಮಾಚಲದ ಬೆಳೆ. ಶ್ರೀನಗರದ ಬಾದಾಮ್‌ವಾರಿ ತೋಟ ಮಾರ್ಚಿನಲ್ಲಿ ಹೂವಾಗುತ್ತದೆ. ಕೊಯ್ಲಿನ ಆಗಸ್ಟಿನಲ್ಲಿ ಜಡಿಮಳೆ ಹಿಡಿಯುವ ಸೊರಬದಲ್ಲಿ ಏನನ್ನು ಒಣಗಿಸುವುದು?

ಶಾಲೆಯಂಗಳದ ನಮ್ಮ ಮರ ಬೇರೆಯದೇ ಕುಲದ್ದು. ಕಡಲ ತೀರದ ಮರ, ಕಾಯಿ ನೀರಿನ ಮೇಲೆ ತೇಲುತ್ತದೆ. ಒಳನಾಡಿನಲ್ಲಿ ಬಾವಲಿಗಳು ಕಚ್ಚಿ ಒಯ್ದು ಬೀಳಿಸುತ್ತವೆ. ಕೊಂಬೆಗಳು ಅಂತಸ್ತು ಅಂತಸ್ತಾಗಿ ಚಾಚುತ್ತವೆ, ಉದುರುವ ಮುಂಚೆ ಎಲೆ ಕೆಂಪಾಗುತ್ತದೆ. ನಾರುಸಿಪ್ಪೆಯನ್ನು ಕಲ್ಲಲ್ಲಿ ಜಜ್ಜಿ ತೆಗೆದ ಬೀಜ ಸುರುಳಿ ಸುತ್ತಿಕೊಂಡಿರುತ್ತದೆ. ಬಿಡಿಸಿದರೆ ಬಿಳಿಯ ಎಸಳು, ರುಚಿ ನಿಜಕ್ಕೂ ಬಾದಾಮಿಯದೇ. ಪುಸ್ತಕಗಳು ಇದನ್ನು ಕಾಡುಬಾದಾಮಿ ಅನ್ನುತ್ತವೆ, ನಾಡುಬಾದಾಮಿ ಎಂದೂ ಅನ್ನುತ್ತವೆ. ನಾನಂತೂ ನಮ್ಮ ಕಾಡಿನಲ್ಲಿ ಇದನ್ನು ಕಂಡಿಲ್ಲ. ಕಂಡದ್ದೆಲ್ಲ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ನೆರಳಾಗಿ. ಆದರೆ ಇದರ ದಾಯಾದಿಗಳು ಚಂದ್ರಗುತ್ತಿಯ ಸುತ್ತಿನ ಕಾಡಲ್ಲೇ ಇದ್ದಾರೆ: ಮತ್ತಿ, ಹುಣಾಲು, ತಾರೆ, ಅಳಲೆ. ತ್ರಿಫಲದ ಮೂರರಲ್ಲಿ ಎರಡು ಇದೇ ಬಳಗದವು. ಇಷ್ಟು ದೊಡ್ಡ ಮನೆತನದ ಮರವನ್ನು ಡೂಪ್ಲಿಕೇಟ್ ಅನ್ನುವುದು ಹೇಗೆ?

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಶಾಲೆಯ ಮರಗಳಿಗೆ ಹೆಸರಿನ ಹಲಗೆ ಕಟ್ಟಿಸುವಾಗ ಇದಕ್ಕೆ ಬಾದಾಮಿ ಎಂದೇ ಬರೆಸಿ, ಕೆಳಗೆ ಸಣ್ಣಕ್ಷರದಲ್ಲಿ ‘ಮತ್ತಿ, ತಾರೆ, ಅಳಲೆಯ ಬಳಗ’ ಎಂದು ಸೇರಿಸಿ.