ಮರ ಕಡೆಯುವ ಕಲೆ: ಹೊಸಬರು ತಿಳಿದಿರಬೇಕಾದ ಸಂಗತಿಗಳು

ತಿರುಗುವ ಮರದ ತುಂಡಿಗೆ ಉಳಿಯನ್ನು ತಾಗಿಸಿ ದುಂಡಗಿನ ಆಕಾರ ನೀಡುವುದೇ ಮರ ಕಡೆಯುವ ಕಲೆ. ಬಡಗಿಯ ಕೆಲಸದಲ್ಲಿ ಮರ ನಿಶ್ಚಲವಾಗಿದ್ದು ಉಪಕರಣ ಚಲಿಸುತ್ತದೆ. ಇಲ್ಲಿ ಮರವೇ ತಿರುಗುತ್ತದೆ, ಉಳಿಯನ್ನು ಕೈ ಸ್ಥಿರವಾಗಿ ಹಿಡಿದಿರುತ್ತದೆ. ಲಟ್ಟಣಿಗೆ, ಬುಗುರಿ, ಮಂಚದ ಕಾಲು, ಮಗುವಿನ ಗಿಲಕಿ ಇವೆಲ್ಲ ಇದೇ ವಿಧಾನದಿಂದ ರೂಪುಗೊಂಡವು. ಇತ್ತೀಚಿನ ವರ್ಷಗಳಲ್ಲಿ ನಗರವಾಸಿಗಳೂ ಇದನ್ನು ಹವ್ಯಾಸವಾಗಿ ಕಲಿಯಲು ಆಸಕ್ತಿ ತೋರುತ್ತಿದ್ದಾರೆ. ಆದರೆ ಯಂತ್ರ ಕೊಳ್ಳುವ ಮೊದಲು ತಿಳಿಯಬೇಕಾದ ವಿಷಯಗಳು ಹಲವು.

ಕನ್ನಡ ನಾಡಿನ ಪರಂಪರೆ

ಮೊಸರನ್ನು ಕಡೆಯುವುದಕ್ಕೂ ಮರವನ್ನು ಕಡೆಯುವುದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದವಿದೆ. ಕಡಗೋಲಿಗೆ ಸುತ್ತಿದ ಹಗ್ಗವನ್ನು ಹಿಂದಕ್ಕೂ ಮುಂದಕ್ಕೂ ಎಳೆಯುವಂತೆಯೇ, ಹಳೆಯ ಕೈ ಲೇತಿನಲ್ಲಿ ಬಿಲ್ಲಿನ ಹುರಿಯನ್ನು ಮರದ ತುಂಡಿಗೆ ಸುತ್ತಿ ಎಳೆಯಲಾಗುತ್ತಿತ್ತು. ಮರ ತನ್ನೆಡೆಗೆ ತಿರುಗಿದಾಗ ಮಾತ್ರ ಕುಶಲಕರ್ಮಿ ಉಳಿಯನ್ನು ಒತ್ತುತ್ತಿದ್ದ. ವಿದ್ಯುತ್ ಮೋಟಾರು ಬಂದ ನಂತರ ಮರ ಒಂದೇ ದಿಕ್ಕಿಗೆ ನಿರಂತರವಾಗಿ ತಿರುಗತೊಡಗಿತು. ಕೆಲಸ ವೇಗವಾಯಿತು, ಅದರೊಂದಿಗೆ ಅಪಾಯವೂ ಹೆಚ್ಚಿತು.

ರಾಜ್ಯದಲ್ಲಿ ಈ ಕಲೆಯ ಪ್ರಮುಖ ಕೇಂದ್ರ ಬೆಂಗಳೂರು-ಮೈಸೂರು ಮಾರ್ಗದಲ್ಲಿರುವ ಚನ್ನಪಟ್ಟಣ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಇಲ್ಲಿಗೆ ಬಂದು ಕಲಿಸಿದರೆಂಬುದು ಪ್ರಚಲಿತವಿರುವ ನಂಬಿಕೆ. 20ನೇ ಶತಮಾನದಲ್ಲಿ ಜಪಾನಿನ ತಂತ್ರಗಳನ್ನು ಅಳವಡಿಸಿದ ಕೀರ್ತಿ ಬಾವಾಸ್ ಮಿಯಾನ್ ಅವರಿಗೆ ಸಲ್ಲುತ್ತದೆ. ಇಲ್ಲಿನ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಕಲಿಯಬಯಸುವವರು ಮೊದಲು ಅಲ್ಲಿನ ಕಾರ್ಖಾನೆಯೊಂದರಲ್ಲಿ ಒಂದು ದಿನ ಕುಳಿತು ನೋಡುವುದು, ಹತ್ತು ಪುಸ್ತಕ ಓದುವುದಕ್ಕಿಂತ ಹೆಚ್ಚು ಪ್ರಯೋಜನಕಾರಿ. ಕೈಗಾರಿಕಾ ತರಬೇತಿ ಸಂಸ್ಥೆಗಳ 'ಟರ್ನರ್' ತರಬೇತಿ ಲೋಹಕ್ಕೆ ಸಂಬಂಧಿಸಿದ್ದು ಎಂಬುದನ್ನು ಗಮನಿಸಬೇಕು.

ಯಾವ ಮರ ಸೂಕ್ತ?

ಚನ್ನಪಟ್ಟಣದ ಕುಶಲಕರ್ಮಿಗಳ ಮೊದಲ ಆಯ್ಕೆ ಹಾಲೆ ಮರ. ಸ್ಥಳೀಯರು ಇದನ್ನು ಆಲೆ ಮರವೆಂದೂ ಕರೆಯುತ್ತಾರೆ. ಬಿಳಿಯ ಬಣ್ಣ, ಒತ್ತಾದ ನಾರು ಮತ್ತು ಮೃದು ಗುಣ ಇದರ ವಿಶೇಷ. ಸಿಗಿಯದೆ ನಯವಾಗಿ ಕತ್ತರಿಸಲ್ಪಡುವುದರಿಂದ ಹೊಸಬರಿಗೂ ಇದೇ ಒಳ್ಳೆಯದು. ಹಸಿ ಮರ ಒಣಗುವಾಗ ಕುಗ್ಗಿ ಬಿರುಕು ಬಿಡುವ ಕಾರಣ, ತುಂಡುಗಳನ್ನು ನೆರಳಿನಲ್ಲಿ ಕೆಲವು ತಿಂಗಳು ಒಣಗಿಸಿಯೇ ಬಳಸಬೇಕು. ತುದಿಗಳಿಗೆ ಮೇಣ ಸವರಿದರೆ ಬಿರುಕು ಕಡಿಮೆಯಾಗುತ್ತದೆ.

ಹಾಲೆ ಮರ ದೊರೆಯದ ಕಡೆ ಬೇರೆ ದಾರಿಗಳಿವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳನ್ನೇ ನೋಡಬಹುದು. ಅಶೋಕನ ಶಾಸನವಿರುವ ಜಟಿಂಗ ರಾಮೇಶ್ವರ ಬೆಟ್ಟದ ಈ ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿ ಹೇರಳ. ಅಮೆರಿಕ ಖಂಡದಿಂದ ಬಂದು ಕೆರೆಯಂಗಳ, ಬೀಳು ಭೂಮಿಗಳನ್ನು ಆವರಿಸಿರುವ ಈ ಗಿಡವನ್ನು ರೈತರು ಕಡಿದು ಸೌದೆ, ಇದ್ದಿಲಿಗೆ ಬಳಸುತ್ತಾರೆ. ಆದರೆ ಇದರ ಕೆಂಪು-ಕಂದು ತಿರುಳು ಗಟ್ಟಿಯಾದುದು. ಒಣಗುವಾಗ ಕುಗ್ಗುವುದು ಬಹಳ ಕಡಿಮೆ. ಒಲೆಗೆ ಹೋಗುವ ದಪ್ಪ ಕೊರಡಿನಿಂದ ಬಟ್ಟಲು, ಉಳಿಯ ಹಿಡಿಗಳನ್ನು ಕಡೆಯಬಹುದು. ಗಟ್ಟಿ ಮರವಾದ್ದರಿಂದ ಉಳಿ ಬೇಗ ಮೊಂಡಾಗುತ್ತದೆ. ಕೈ ಪಳಗಿದ ಮೇಲೆ ಇದನ್ನು ಆರಿಸಿಕೊಳ್ಳುವುದು ಲೇಸು. ರೈತರ ಒಪ್ಪಿಗೆ ಪಡೆದು ಅವರ ಜಮೀನಿನಿಂದಲೇ ತರಬೇಕು; ಅರಣ್ಯದಲ್ಲಿ ಅನುಮತಿಯಿಲ್ಲದೆ ಮರ ಕಡಿಯುವುದು ಅಪರಾಧ.

ಉಪಕರಣಗಳು

ಆರಂಭಕ್ಕೆ ಮೇಜಿನ ಮೇಲೆ ಕೂರಿಸಬಹುದಾದ, ವೇಗ ಬದಲಿಸುವ ಸೌಲಭ್ಯವಿರುವ ಸಣ್ಣ ಲೇತ್ ಸಾಕು. ಲೇತ್ ಹಗುರವಾದಷ್ಟೂ ನಡುಗುತ್ತದೆ. ಆದ್ದರಿಂದ ಅದನ್ನು ಭಾರವಾದ ಮೇಜಿಗೆ ಬೋಲ್ಟು ಹಾಕಿ ಬಿಗಿಯಬೇಕು. ಉಳಿಗಳಲ್ಲಿ ನಾಲ್ಕು ಮುಖ್ಯ: ಚೌಕ ತುಂಡನ್ನು ದುಂಡಾಗಿಸುವ ಅಗಲವಾದ ತೋಡುಳಿ, ಬಳುಕುಗಳನ್ನು ಮೂಡಿಸುವ ಸಣ್ಣ ತೋಡುಳಿ, ನುಣುಪುಗೊಳಿಸುವ ಓರೆಬಾಯಿಯ ಉಳಿ ಮತ್ತು ತುಂಡನ್ನು ಬೇರ್ಪಡಿಸುವ ಕಿರಿದಾದ ಉಳಿ. ಹಣ ಮಿಗಿಸಬೇಕೆಂದಿದ್ದರೆ ಉಳಿಗಳ ಸಂಖ್ಯೆಯಲ್ಲಿ ಮಿಗಿಸಬಹುದು, ಸಾಣೆಯಂತ್ರದಲ್ಲಿ ಅಲ್ಲ. ಮೊಂಡು ಉಳಿಯನ್ನು ಒತ್ತಿ ಹಿಡಿಯಬೇಕಾಗುತ್ತದೆ. ಒತ್ತಿ ಹಿಡಿದ ಉಳಿಯೇ ಮರಕ್ಕೆ ಸಿಕ್ಕಿ ಎಗರುವುದು.

ಸುರಕ್ಷತೆ

ತಿರುಗುವ ಯಂತ್ರ ಸಿಕ್ಕಿದ್ದನ್ನು ಬಿಡುವುದಿಲ್ಲ. ಸೀರೆಯ ಸೆರಗು, ದುಪ್ಪಟ್ಟಾ, ಲುಂಗಿ, ಸಡಿಲ ತೋಳು, ಬಿಚ್ಚಿದ ಕೂದಲು, ಬಳೆ, ಕೊರಳ ಸರ ಇವು ಯಾವುವೂ ಲೇತಿನ ಬಳಿ ಸುಳಿಯಕೂಡದು. ಕೈಗವಸು ರಕ್ಷಣೆ ನೀಡುವುದೆಂಬುದು ತಪ್ಪು ಕಲ್ಪನೆ. ಅದು ಸಿಕ್ಕಿಕೊಂಡರೆ ಕೈಯನ್ನೂ ಎಳೆಯುತ್ತದೆ. ಮುಖವನ್ನು ಪೂರ್ತಿ ಮುಚ್ಚುವ ಪಾರದರ್ಶಕ ಕವಚ ಮತ್ತು ಧೂಳು ತಡೆಯುವ ಮುಸುಕು ಕಡ್ಡಾಯ. ಬಿರುಕಿರುವ ಅಥವಾ ಗಂಟು ಸಡಿಲವಾಗಿರುವ ತುಂಡನ್ನು ಎಂದಿಗೂ ಏರಿಸಬಾರದು.

ಮೊದಲ ಪ್ರಯತ್ನ

ಹೊಸಬರಿಗೆ ಲಟ್ಟಣಿಗೆ ಅಥವಾ ಉಳಿಯ ಹಿಡಿ ಒಳ್ಳೆಯ ಆರಂಭ. ಸುಮಾರು ಎರಡು ಅಂಗುಲ ಚದರ, ಹತ್ತು ಅಂಗುಲ ಉದ್ದದ ತುಂಡಿನ ಎರಡೂ ತುದಿಗಳಲ್ಲಿ ಕರ್ಣಗೆರೆ ಎಳೆದು ನಡುಬಿಂದು ಗುರುತಿಸಬೇಕು. ತುಂಡನ್ನು ಲೇತಿನ ಎರಡು ಮೊನೆಗಳ ನಡುವೆ ಬಿಗಿಯಬೇಕು. ಉಳಿಯನ್ನು ಆನಿಸುವ ಆಸರೆಪಟ್ಟಿಯನ್ನು ಮರದ ನಡುಮಟ್ಟಕ್ಕೆ, ಅದರಿಂದ ಕಾಲಂಗುಲ ದೂರದಲ್ಲಿ ನಿಲ್ಲಿಸಬೇಕು. ವಿದ್ಯುತ್ ಹಾಕುವ ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲಿಯೂ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಚೌಕ ತುಂಡು ದುಂಡಾಗುವವರೆಗೆ ನಿಮಿಷಕ್ಕೆ 600ರಿಂದ 1000 ಸುತ್ತುಗಳ ವೇಗ ಸಾಕು. ದುಂಡಾದ ನಂತರ 1500 ದಾಟಬಹುದು. ಉಳಿ ಮೊದಲು ಆಸರೆಪಟ್ಟಿಗೆ ತಾಗಬೇಕು, ಅನಂತರವೇ ಮರಕ್ಕೆ. ಉಳಿಯ ಇಳಿಜಾರು ಬೆನ್ನು ಮೊದಲು ಮರವನ್ನು ಸವರಬೇಕು. ಬಳಿಕ ಹಿಡಿಯನ್ನು ಮೆಲ್ಲನೆ ಎತ್ತಿದಾಗ ಅಲಗು ಕತ್ತರಿಸತೊಡಗುತ್ತದೆ. ಸುರುಳಿ ಹೊಟ್ಟು ಬಂದರೆ ಕೆಲಸ ಸರಿಯಾಗಿದೆ; ಪುಡಿ ಮಾತ್ರ ಬಂದರೆ ಉಳಿ ಕತ್ತರಿಸುತ್ತಿಲ್ಲ, ಕೆರೆಯುತ್ತಿದೆ ಎಂದರ್ಥ. ಮರಳು ಕಾಗದ ಹಿಡಿಯುವ ಮೊದಲು ಆಸರೆಪಟ್ಟಿಯನ್ನು ತೆಗೆದಿಡಬೇಕು.

ಅರಗಿನ ಬಣ್ಣ

ಚನ್ನಪಟ್ಟಣದ ಹೊಳಪಿನ ಗುಟ್ಟು ಅರಗು. ಅರಗಿನ ಹುಳು ಸ್ರವಿಸುವ ಈ ರಾಳವನ್ನು ಬಿಸಿ ಮಾಡಿ, ಬಣ್ಣ ಬೆರೆಸಿ ಕಡ್ಡಿಗಳಾಗಿಸುತ್ತಾರೆ. ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಘರ್ಷಣೆಯ ಶಾಖಕ್ಕೇ ಅರಗು ಕರಗಿ ಅಂಟಿಕೊಳ್ಳುತ್ತದೆ. ಬಳಿಕ ಕೇದಗೆಯ ಎಲೆಯಿಂದ ಒತ್ತಿ ಉಜ್ಜಿದರೆ ಬಣ್ಣ ಸಮವಾಗಿ ಹರಡಿ ಹೊಳೆಯುತ್ತದೆ. ಅರಿಸಿನ, ನೀಲಿಯಂತಹ ಸಸ್ಯಮೂಲದ ಬಣ್ಣಗಳನ್ನು ಬಳಸಿದರೆ ಮಕ್ಕಳು ಬಾಯಿಗಿಟ್ಟರೂ ಭಯವಿಲ್ಲ. ಅಂಗಡಿಯ ಸಾಮಾನ್ಯ ಬಣ್ಣಗಳಲ್ಲಿ ಸೀಸದ ಅಂಶವಿರುವ ಸಾಧ್ಯತೆಯಿರುವುದರಿಂದ ಆಟಿಕೆಗಳಿಗೆ ಅವುಗಳನ್ನು ಬಳಸಕೂಡದು.

ಮಾರಾಟಕ್ಕೆ ಮುನ್ನ

ಕೈ ಪಳಗಿದವರು ಆಟಿಕೆ ಮಾಡಿ ಮಾರುವ ಯೋಚನೆ ಮಾಡುವುದು ಸಹಜ. 2021ರ ಜನವರಿ 1ರಿಂದ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಹವ್ಯಾಸಿಗಳಿಗೆ ಅದು ತಾನಾಗಿ ದೊರೆಯುವುದಿಲ್ಲ. 'ಚನ್ನಪಟ್ಟಣ' ಎಂಬ ಹೆಸರನ್ನೂ ಎಲ್ಲರೂ ಬಳಸುವಂತಿಲ್ಲ. ತಲೆಮಾರುಗಳಿಂದ ಅದನ್ನೇ ನಂಬಿರುವ ಕುಟುಂಬಗಳ ಅನ್ನ ಆ ಹೆಸರಿನಲ್ಲಿದೆ. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿಯಿಂದ ಅವರ ಮಕ್ಕಳು ಬೇರೆ ಉದ್ಯೋಗಗಳತ್ತ ಮುಖ ಮಾಡಿದ್ದಾರೆ. ಸ್ವತಃ ಒಂದು ಲಟ್ಟಣಿಗೆ ಕಡೆದು ನೋಡಿದವರು ಮುಂದೆಂದೂ ಅವರ ಗೊಂಬೆಯ ಬೆಲೆಗೆ ಚೌಕಾಸಿ ಮಾಡಲಾರರು.