ಪ್ರಾಗ್ ನಗರದ ದುಬಾರಿ ಬೀದಿ

ಜೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ನಲ್ಲಿ ಪರ್ಝೀಷ್‌ಸ್ಕಾ ಎಂಬ ಬೀದಿಯಿದೆ. ಹಾಗೆಂದರೆ 'ಪ್ಯಾರಿಸ್ ಬೀದಿ'; ಈ ಹೆಸರು ಬಂದದ್ದು 1926ರಲ್ಲಿ. ಸಾಲುಮರಗಳು, ಶಿಲ್ಪಾಲಂಕೃತ ಮಹಡಿಮನೆಗಳು, ಕೆಳಗೆ ವಿದೇಶಿ ಗಡಿಯಾರ ಮತ್ತು ಒಡವೆಗಳ ಅಂಗಡಿಗಳು. ಸಾಮಾನ್ಯರು ಇಲ್ಲಿ ನೋಡಿ ಮುಂದೆ ಸಾಗುತ್ತಾರೆ.

ವಿದ್ಯಾರ್ಥಿಗಳೇ, ಈ ಬೀದಿ ಎದ್ದದ್ದು ಯೋಸೆಫೊವ್ ಎಂಬ ಯಹೂದಿ ಕೇರಿಯ ನೆಲದ ಮೇಲೆ. ಶತಮಾನಗಳ ಕಾಲ ಯಹೂದಿಗಳು ಈ ಕೇರಿಯೊಳಗೇ ವಾಸಿಸಬೇಕೆಂಬ ಕಟ್ಟಳೆಯಿತ್ತು. 1848ರ ಕ್ರಾಂತಿಯ ನಂತರ ನಿರ್ಬಂಧ ಹೋಯಿತು. ಉಳ್ಳವರು ಬೇರೆಡೆ ಮನೆ ಮಾಡಿದರು. ಉಳಿದ ಬಡ ಯಹೂದಿಗಳ ಜೊತೆಗೆ ಬಡ ಕ್ರೈಸ್ತರೂ ಬಂದು ಸೇರಿಕೊಂಡರು. ಇಕ್ಕಟ್ಟು, ಕೊಳಚೆ, ರೋಗಗಳು ಹೆಚ್ಚಿದವು.

1893ರಲ್ಲಿ ನೈರ್ಮಲ್ಯದ ಹೆಸರಿನಲ್ಲಿ ಕಾನೂನು ಬಂದಿತು. ಕೆಲವೇ ವರ್ಷಗಳಲ್ಲಿ ಮನೆಗಳನ್ನು ಕೆಡಹತೊಡಗಿದರು. ವಿಜ್ಞಾನ ಓದಿದ ನನಗೆ ಆ ಕಾರಣ ಪೂರ್ತಿ ಸುಳ್ಳೆನಿಸುವುದಿಲ್ಲ. ಆದರೆ ಚರಂಡಿ ಸರಿಪಡಿಸುವುದು ಬೇರೆ, ಕೇರಿಯನ್ನೇ ನೆಲಸಮ ಮಾಡುವುದು ಬೇರೆ. ಹೊಸ ಮನೆಗಳ ಬಾಡಿಗೆ ಹಳೆಯ ಬಡ ನಿವಾಸಿಗಳ ಕೈಗೆಟುಕುವಂಥದ್ದಾಗಿರಲಿಲ್ಲ. ಉಳಿದದ್ದು ಆರು ಸಿನಗಾಗ್‌ಗಳು, ಯಹೂದಿ ಪುರಭವನ, ಹಳೆಯ ಸ್ಮಶಾನ. ಅವುಗಳಲ್ಲಿ 13ನೇ ಶತಮಾನದ 'ಹಳೆ-ಹೊಸ ಸಿನಗಾಗ್' ಈ ಬೀದಿಯ ಮಗ್ಗುಲಲ್ಲೇ ಇದೆ. ಅದರೊಳಗೆ ಮೆಟ್ಟಿಲಿಳಿದು ಹೋಗಬೇಕು. ಈಗಲೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ.