ಕಂಬ ಹತ್ತುವವರ ಪ್ರಾಣ

1891ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ತಂತಿ ಕೆಲಸಗಾರರು ಕಟ್ಟಿಕೊಂಡ ಸಂಘವೇ ಇಂದಿನ ಐಬಿಇಡಬ್ಲ್ಯೂ. ಊರೂರು ಅಲೆದು ಸದಸ್ಯರನ್ನು ಸೇರಿಸಿದ ಅದರ ಮೊದಲ ಅಧ್ಯಕ್ಷ ಹೆನ್ರಿ ಮಿಲ್ಲರ್, 1896ರಲ್ಲಿ ವಾಷಿಂಗ್ಟನ್‌ನಲ್ಲಿ ಲೈನ್ ಕೆಲಸ ಮಾಡುತ್ತಿದ್ದಾಗ ಶಾಕ್ ಹೊಡೆದು, ಕಂಬದಿಂದ ಬಿದ್ದು ತೀರಿಕೊಂಡ. ನಾಯಕನ ಗತಿಯೇ ಹೀಗಾದರೆ ಉಳಿದವರ ಪಾಡು ಹೇಳಬೇಕೆ?

ಸರ್ಕಾರ ಬಂದದ್ದು ಬಹಳ ತಡವಾಗಿ.

1970ರ ಕಾಯ್ದೆಯಿಂದ ಓಶಾ ಎಂಬ ಸುರಕ್ಷತಾ ಸಂಸ್ಥೆ ಹುಟ್ಟಿತಾದರೂ, ವಿದ್ಯುತ್ ಜಾಲದ ನಿತ್ಯದ ನಿರ್ವಹಣೆಗೆಂದೇ ಸಮಗ್ರ ನಿಯಮವಿರಲಿಲ್ಲ. ಸಂಬಳದ ಮಾತಿಗೆ ಹಗ್ಗಜಗ್ಗಾಟ ಆಡುವ ಕಂಪನಿಗಳ ಒಕ್ಕೂಟ ಎಡಿಸನ್ ಎಲೆಕ್ಟ್ರಿಕ್ ಇನ್‌ಸ್ಟಿಟ್ಯೂಟ್ ಮತ್ತು ಕಾರ್ಮಿಕ ಸಂಘ ಒಟ್ಟಿಗೆ ಕೂತು ಕರಡು ಬರೆದು ಓಶಾಗೆ ಕೊಟ್ಟವು. ಈ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ. 1989ರಲ್ಲಿ ಪ್ರಸ್ತಾವ ಹೊರಬಿದ್ದು, 1994ರಲ್ಲಿ ನಿಯಮವಾಯಿತು: ಕೆಲಸಕ್ಕೆ ಮುನ್ನ ತಂಡವೆಲ್ಲ ನಿಂತು ಅಪಾಯಗಳನ್ನು ಚರ್ಚಿಸಬೇಕು, ಲೈನ್ ಆಫ್ ಆದರಷ್ಟೇ ಸಾಲದು, ಕರೆಂಟ್ ಇಲ್ಲವೆಂದು ಪರೀಕ್ಷಿಸಿ, ಅರ್ಥಿಂಗ್ ಕೊಡಬೇಕು.

2004ರಲ್ಲಿ ಗುತ್ತಿಗೆದಾರರ ಸಂಘ ನೆಕಾ ಮತ್ತು ದೊಡ್ಡ ಲೈನ್ ಗುತ್ತಿಗೆ ಕಂಪನಿಗಳೂ ಸೇರಿ ಸರ್ಕಾರ, ಕಾರ್ಮಿಕ ಸಂಘ, ಉದ್ಯಮ ಈ ಮೂರೂ ಕಡೆಯವರ ಅಧಿಕೃತ ಪಾಲುದಾರಿಕೆ ಏರ್ಪಟ್ಟಿತು. ಅಪಘಾತಗಳ ವಿವರಗಳನ್ನು ಒಟ್ಟುಗೂಡಿಸಿ, ಕಾರಣ ಹುಡುಕಿ, ತರಬೇತಿ ರೂಪಿಸಿದರು. ಕೆಲಸಗಾರರನ್ನು ತಂತಿಯೆತ್ತರಕ್ಕೆ ಒಯ್ಯುವ ಲಾರಿಯ ಬಕೆಟ್ ತನ್ನ ನೆಲೆಯಿಂದ ಮೇಲೇಳುವ ಮೊದಲೇ ತೊಟ್ಟ ರಬ್ಬರ್ ಕೈಗವಸು, ತೋಳುಗವಸನ್ನು ಅದು ಮರಳಿ ಅಲ್ಲಿಗೇ ಇಳಿಯುವತನಕ ಬಿಚ್ಚಬಾರದೆಂಬ ಪದ್ಧತಿಯನ್ನು ಈ ಪಾಲುದಾರಿಕೆ ಬಲವಾಗಿ ಹರಡಿತು.